ಎಂಜಿನ್ ಬದಲಿಸುವ ಮೊದಲು ಎಣ್ಣೆಯ ಲೆಕ್ಕ ಬರೆದುಕೊಳ್ಳಿ

ಕಳೆದ ವಾರ ಕುಮಟಾ ಕಡೆಯ ಒಬ್ಬ ಯುವ ರೈತ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಗುಜರಿ ಅಂಗಡಿಯ ನೆಲದ ಮೇಲೆ ಕೂತಿರುವ ಒಂದು ಡೀಸೆಲ್ ಎಂಜಿನ್. ಕೆಳಗೆ ಒಂದೇ ಸಾಲು: "ಅಣ್ಣಾ, 70 ಸಾವಿರ ಹೇಳ್ತಾ ಇದ್ದಾರೆ, ತಕೊಳ್ಲಾ?" ಅವನ ಗಾಡಿ ಮಳೆಗಾಲದಲ್ಲಿ ನೀರಲ್ಲಿ ನಿಂತು ಎಂಜಿನ್ ಹೋಗಿದೆಯಂತೆ.

ನಾನು ಎಂಜಿನ್ ಬಗ್ಗೆ ಏನೂ ಹೇಳಲಿಲ್ಲ. "ಗೇರ್ ಬಾಕ್ಸಿನ ಎಣ್ಣೆ ಬಿಚ್ಚಿ ನೋಡಿದ್ಯಾ?" ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ನಾಲ್ಕು ವರ್ಷ ಹಿಂದೆ ಯಾರಾದರೂ ಕೇಳಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು.

2022ರ ಆಗಸ್ಟ್ 2 ಭಟ್ಕಳದವರು ಮರೆಯುವ ತಾರೀಕಲ್ಲ. ಒಂದು ರಾತ್ರಿ, ಒಂದು ಹಗಲಿನಲ್ಲಿ 500 ಮಿ.ಮೀ.ಗೂ ಮೇಲೆ ಮಳೆ ಸುರಿಯಿತು. ನಮ್ಮ ಮುಟ್ಟಳ್ಳಿಯಲ್ಲೇ ಗುಡ್ಡ ಕುಸಿದು ಮನೆಯ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಅಂಥ ಹೊತ್ತಲ್ಲಿ ನಮ್ಮ ಗಾಡಿ ಮುಳುಗಿತು ಅಂತ ಹೇಳಿಕೊಳ್ಳೋದಕ್ಕೂ ನಾಚಿಕೆ. ನಾವು ಐದು ಮಂದಿ ಸಾವಯವ ಬೆಳೆಗಾರರು ಸೇರಿ ಕೊಂಡಿದ್ದ ಹಳೇ ಟಾಟಾ 407 ಗದ್ದೆ ಬದಿಯ ಶೆಡ್ಡಿನಲ್ಲಿ ಬಾನೆಟ್ಟಿನವರೆಗೆ ನೀರಲ್ಲಿತ್ತು. ನಾಲ್ಕು ದಿನ ಯಾರೂ ಅದರ ಹತ್ತಿರ ಹೋಗಲಿಲ್ಲ. ಐದನೇ ದಿನ ನಮ್ಮಲ್ಲೇ ಒಬ್ಬ ಹೋಗಿ, ಬ್ಯಾಟರಿ ಬದಲಿಸಿ, ಸೆಲ್ಫ್ ಹೊಡೆದ. ಟಕ್ ಅಂತ ಒಂದು ಸದ್ದು, ಮತ್ತೆ ಏನಿಲ್ಲ.

ಯಾರು ಹೊಡೆದದ್ದು ಅಂತ ಹೇಳೋದಿಲ್ಲ. ಈ ಲೇಖನ ಬರೆಯುತ್ತಿರುವವನೂ ಆ ಐವರಲ್ಲಿ ಒಬ್ಬ ಅಂತ ಮಾತ್ರ ತಿಳಿದುಕೊಳ್ಳಿ.

ಅರ್ಧ ಲೋಟ ನೀರು ಸಾಕು

407ರಲ್ಲಿದ್ದದ್ದು 497 ಎಂಜಿನ್. ಅಂದರೆ 4 ಸಿಲಿಂಡರ್, ಒಂದೊಂದರ ಬೋರ್ 97 ಮಿ.ಮೀ. ಒಟ್ಟು 2956 ಸಿ.ಸಿ., ಒಂದು ಸಿಲಿಂಡರಿಗೆ 739. ಡೀಸೆಲ್ ಎಂಜಿನ್‌ಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಹದಿನೇಳು ಪಟ್ಟಿನಷ್ಟು ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತಿಸಬೇಕು. ಹಾಗಾಗಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 45 ಮಿ.ಲೀ. ಮಾತ್ರ. ಹೋಟೆಲಿನ ಸಣ್ಣ ಚಾ ಲೋಟದ ಅರ್ಧ ಅಂದುಕೊಳ್ಳಿ. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರೋದಕ್ಕಾಗಲ್ಲ. ಗಾಳಿಯಂತೆ ನೀರು ಕುಗ್ಗುವುದಿಲ್ಲವಲ್ಲ. ಸೆಲ್ಫ್ ಒತ್ತಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್. ನಮ್ಮದರಲ್ಲಿ ಎರಡು ಬಗ್ಗಿದ್ದವು, ಒಂದು ಬ್ಲಾಕನ್ನೂ ಗೀರಿತ್ತು.

ನೀರಲ್ಲಿ ನಿಂತ ಗಾಡಿಗೆ ಕೀ ಹಾಕಬೇಡಿ. ಬ್ಯಾಟರಿ ವಯರ್ ತೆಗೆಯಿರಿ, ಎಳೆಸಿಕೊಂಡು ಹೋಗಿ, ನೋಸಲ್ ಬಿಚ್ಚಿಸಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ನೀರು ನೋಸಲ್ ತೂತಿಂದ ಚಿಮ್ಮಿ ಹೋಗುತ್ತದೆ. ಇಷ್ಟು ಮಾಡಿದ್ದರೆ ನಮ್ಮ ಎಂಜಿನ್ ಉಳಿಯುತ್ತಿತ್ತು ಅಂತ ಮೇಸ್ತ್ರಿ ಆಮೇಲೆ ಹೇಳಿದರು. ವಿಮೆ ಇದ್ದವರೂ ಕೇಳಿಸಿಕೊಳ್ಳಿ: ನೆರೆಯಿಂದಾದ ಹಾನಿಗೆ ಹಣ ಕೊಡುವ ಪಾಲಿಸಿಗಳೂ, ನೀರಲ್ಲಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಒಡೆದುಕೊಂಡರೆ, ಎಂಜಿನ್ ರಕ್ಷಣೆಯ ಬೇರೆ ಕವರ್ ಇಲ್ಲದಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ನಮಗಂತೂ ಥರ್ಡ್ ಪಾರ್ಟಿ ಮಾತ್ರ ಇತ್ತು. ಆ ಮಾತೇ ಬರಲಿಲ್ಲ.

62 ಸಾವಿರದ ಎಂಜಿನ್, 4 ಸಾವಿರದ ಎಣ್ಣೆ

ಹಳೇ ಬ್ಲಾಕ್ ರಿಪೇರಿಗಿಂತ ಅದೇ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸೋದು ಅಗ್ಗ ಅಂತ ಲೆಕ್ಕ ಹಾಕಿದೆವು. ಹುಬ್ಬಳ್ಳಿಯಲ್ಲಿ ಒಂದು ಸಿಕ್ಕಿತು, 62 ಸಾವಿರ. ಅಲ್ಲೇ ಸ್ಟ್ಯಾಂಡಿನ ಮೇಲೆ ಓಡಿಸಿ ತೋರಿಸಿದರು. ಎಣ್ಣೆ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಶನ್ ನೋಡಿದೆವು, ಹೊಗೆ ಬುಸುಗುಡಲಿಲ್ಲ. ಕೂಲಿ, ಕ್ಲಚ್ ಪ್ಲೇಟ್, ಮೌಂಟಿಂಗ್, ಹುಬ್ಬಳ್ಳಿಯಿಂದ ತರುವ ಬಾಡಿಗೆ ಎಲ್ಲಾ ಬರೆದೆವು. ಕೊನೆಗೆ "ಆಯಿಲ್ ಇತ್ಯಾದಿ – 4,000" ಅಂತ ಒಂದು ಸಾಲು.

ಆ "ಇತ್ಯಾದಿ"ಯೇ ನಮ್ಮನ್ನು ಮುಳುಗಿಸಿದ್ದು.

ನಾಲ್ಕು ಸಾವಿರದಲ್ಲಿ ಎಂಜಿನ್ ಆಯಿಲ್, ಫಿಲ್ಟರ್ ಬಂತು. ರೇಡಿಯೇಟರಿಗೆ ಬಾವಿ ನೀರು ಹಾಕಿದೆವು. ಗೇರ್ ಬಾಕ್ಸ್? "ಅದಕ್ಕೇನಾಗಿದೆ, ಹೋದದ್ದು ಎಂಜಿನ್ ಅಲ್ಲ?" ಅಂತ ನಾನೇ ಹೇಳಿದ್ದು. ಮೇಸ್ತ್ರಿ ಒಂದು ಸಲ ಹೇಳಿ ನೋಡಿದರು: "ಮಾರಾಯ್ರೇ, ನೀರು ಎಂಜಿನ್ ಒಂದನ್ನೇ ಹುಡುಕ್ಕೊಂಡು ಹೋಗೂದಿಲ್ಲ." ನಾವು ಕೇಳಲಿಲ್ಲ. ಅವರೂ ಮತ್ತೆ ಹೇಳಲಿಲ್ಲ.

ಅಕ್ಟೋಬರಿನಲ್ಲಿ ತೆಂಗಿನಕಾಯಿ ತುಂಬಿಕೊಂಡು ಸಾಗರದ ಕಡೆ ಹೊರಟಿದ್ದೆವು. ಬರುವಾಗ ಹಟ್ಟಿಗೊಬ್ಬರ ತರೋದು ನಮ್ಮ ವಾಡಿಕೆ. ಕೋಗಾರ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಒಂದು ಅಳು ಶುರುವಾಯಿತು, ಮಗು ಹಟ ಹಿಡಿದ ಹಾಗೆ. ಮೇಲೆ ಮುಟ್ಟುವಷ್ಟರಲ್ಲಿ ಗೇರ್ ಬೀಳುವುದೇ ನಿಂತಿತು. ಬಿಚ್ಚಿದಾಗ ಬಂದದ್ದು ಎಣ್ಣೆ ಅಲ್ಲ, ಹಾಲು ಜಾಸ್ತಿಯಾದ ಚಾ. ಬೇರಿಂಗ್, ಸಿಂಕ್ರೊ ರಿಂಗ್, ಕೂಲಿ ಸೇರಿ 18,500 ರೂಪಾಯಿ, 11 ದಿನ ಗಾಡಿ ಇಲ್ಲ. ಅದರಲ್ಲಿ ಒಬ್ಬನ ಬಾಳೆಗೊನೆ ಕಟಾವಿಗೆ ಬಂದು ಅಲ್ಲೇ ಹಣ್ಣಾಯಿತು. ಅವನು ನನ್ನ ಹತ್ತಿರ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ತಪ್ಪು ಅವನದಲ್ಲ.

ನೀರು ಹೋಗುವ ದಾರಿ

ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಎರಡಕ್ಕೂ ಉಸಿರಾಡುವ ಸಣ್ಣ ತೂತು ಇರುತ್ತದೆ, ಬ್ರೀದರ್ ಅಂತಾರೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಆ ತೂತಿಂದಲೂ ಸೀಲಿನ ಸಂದಿಯಿಂದಲೂ ನೀರನ್ನು ಒಳಗೆ ಎಳೆಯುತ್ತದೆ. ದಿನಗಟ್ಟಲೆ ಮುಳುಗಿ ನಿಂತರಂತೂ ಕೇಳುವುದೇ ಬೇಡ.

ಪರೀಕ್ಷೆ ಸುಲಭ, ದುಡ್ಡು ಬೇಡ. ಗಾಡಿ ಒಂದು ರಾತ್ರಿ ಅಲುಗದೆ ನಿಲ್ಲಲಿ. ಬೆಳಿಗ್ಗೆ ಕೆಳಗಿನ ಡ್ರೈನ್ ನಟ್ಟನ್ನು ಪೂರ್ತಿ ತೆಗೆಯದೆ ಸ್ವಲ್ಪವೇ ಸಡಿಲ ಮಾಡಿ, ಬಿಳಿ ಲೋಟ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿರುತ್ತದೆ, ಮೊದಲು ಅದೇ ಬರುತ್ತದೆ. ಓಡಿಸಿದ ಗಾಡಿಯಾದರೆ ಕಲಸಿಹೋಗಿ ಬಿಳಿಚಿಕೊಂಡ ಎಣ್ಣೆಯೇ ಬರುತ್ತದೆ. ಎಂಜಿನ್, ಗೇರ್ ಬಾಕ್ಸ್, ಹೌಸಿಂಗ್ ಮೂರಕ್ಕೂ ಹೀಗೇ ಮಾಡಿ, ಫೋಟೋ ಇಟ್ಟುಕೊಳ್ಳಿ.

ಈಗ ನಾನು ಬರೆಯುವ ಪಟ್ಟಿ

ಕೆಳಗಿನ ಅಳತೆಗಳು ನಮ್ಮ ಗಾಡಿಗೆ ಹಿಡಿದದ್ದು, ದರ ನಾವು 2022ರಲ್ಲಿ ಕೊಟ್ಟದ್ದು. ನಿಮ್ಮ ಗಾಡಿಯ ಪುಸ್ತಕ ನೋಡಿಯೇ ನೀವು ಬರೆಯಿರಿ.

ಎಂಜಿನ್ ಆಯಿಲ್ 8 ಲೀಟರ್, 15ಡಬ್ಲ್ಯೂ-40, ಡೀಸೆಲ್‌ಗೆ ಹೇಳಿದ್ದು. ಆದರೆ ಒಂದು ಸಲಕ್ಕೆ ಅಲ್ಲ, ಎರಡು ಸಲಕ್ಕೆ ದುಡ್ಡು ಇಡಿ. ಗುಜರಿಯಲ್ಲಿ ಎಷ್ಟು ದಿನ ಕೂತ ಎಂಜಿನ್ನೋ, ಒಳಗಿನ ಕಿಟ್ಟ, ತುಕ್ಕು, ಗ್ಯಾಸ್ಕೆಟ್ ಅಂಟು ಎಲ್ಲಾ ಮೊದಲ ಎಣ್ಣೆಗೆ ಬರುತ್ತದೆ. 500 ಕಿ.ಮೀ. ಆದ ಕೂಡಲೇ ಅದನ್ನು ಚೆಲ್ಲಿ ಹೊಸ ಫಿಲ್ಟರ್ ಜೊತೆ ಮತ್ತೆ ಹಾಕಬೇಕು. 8 ಲೀಟರಿಗೆ 2,640 ರೂಪಾಯಿ, ಎರಡು ಸಲಕ್ಕೆ 5,280, ಎರಡು ಫಿಲ್ಟರ್ 600.

ಕೂಲಂಟ್. "ನಮ್ಮೂರಲ್ಲಿ ಹಿಮ ಬೀಳ್ತದಾ?" ಅಂತ ನಗುವವರು ಬಹಳ. ಹಿಮಕ್ಕಲ್ಲ, ತುಕ್ಕಿಗೆ. ಹೊಳೆ ಬದಿಯ ನಮ್ಮ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಕಂಪಿನ ಬಾವಿ ನೀರಲ್ಲಿ ಕಬ್ಬಿಣದ ಅಂಶ. ಆ ನೀರು ಹೆಡ್ಡನ್ನೂ ರೇಡಿಯೇಟರನ್ನೂ ಒಳಗಿಂದ ತಿನ್ನುತ್ತದೆ. ತುಳಸಿ ಗಿಡಕ್ಕೆ ಹಾಕದ ನೀರನ್ನು ಎಂಜಿನ್ನಿಗೆ ಹಾಕಿದೆವಲ್ಲ ಅಂತ ಈಗ ನಗು ಬರುತ್ತದೆ. ಕೂಲಂಟ್ 5 ಲೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 7 ಲೀಟರ್, ಎರಡೂ ಸೇರಿ 1,640. ಒಂದು ಎಚ್ಚರಿಕೆ: ಸಾಮಾನ್ಯ ಕೂಲಂಟ್ ಸಿಹಿಯಾಗಿರುತ್ತದೆ, ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರು ನೆಕ್ಕುತ್ತವೆ. ಬಕೆಟ್ಟಿನಲ್ಲಿ ಹಿಡಿದು ಮುಚ್ಚಿಡಿ.

ಗೇರ್ ಆಯಿಲ್‌ನಲ್ಲಿ ಅಂಗಡಿಯವ ಒಂದೇ ಡಬ್ಬಿ ಕೊಟ್ಟು "ಎರಡಕ್ಕೂ ಆಗ್ತದೆ" ಅನ್ನುತ್ತಾನೆ. ಆಗುವುದಿಲ್ಲ. ಹಿತ್ತಾಳೆ ಸಿಂಕ್ರೊ ರಿಂಗ್ ಇರುವ ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4, ಹಿಂದಿನ ಹೌಸಿಂಗಿನ ಕ್ರೌನಿಗೆ ಜಿಎಲ್-5. ಹೌಸಿಂಗಿನ ಎಣ್ಣೆಯಲ್ಲಿ ಗಂಧಕದ ಅಂಶ ಜಾಸ್ತಿ, ಅದು ಹಿತ್ತಾಳೆಗೆ ಒಗ್ಗದು. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಫೋನ್ ಕ್ಯಾಮೆರಾ ಜೂಮ್ ಮಾಡಿ ಓದಿ. 3 ಲೀಟರಿಗೆ 1,050, ಹೌಸಿಂಗಿಗೆ ಮೂರೂವರೆ ಲೀಟರ್, 1,225.

ಬ್ರೇಕ್ ಫ್ಲೂಯಿಡ್ 1 ಲೀಟರ್, 450 ರೂಪಾಯಿ. ಇದು ಗಾಳಿಯ ತೇವವನ್ನೇ ಹೀರಿಕೊಳ್ಳುವ ದ್ರವ. ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಮುಂದಿನ ವರ್ಷಕ್ಕೆ ಬರೋದಿಲ್ಲ. ತೇವ ಸೇರಿದರೆ ಇಳಿಜಾರಿನಲ್ಲಿ ಬಿಸಿಯಾಗಿ ಕುದಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ದೇವಿಮನೆ ಘಾಟಿ ಇಳಿಯುವವರಿಗೆ ಇನ್ನೂ ಹೆಚ್ಚು ಹೇಳಬೇಕಿಲ್ಲ.

ಟ್ಯಾಂಕಿನಲ್ಲಿದ್ದ 30 ಲೀಟರ್ ಡೀಸೆಲ್ ನೀರು ಸೇರಿ ಹಾಳು, ಹೊಸದಕ್ಕೆ 2,640. ಡೀಸೆಲ್ ಫಿಲ್ಟರ್ 500, ಗ್ರೀಸ್ 350. ನಮ್ಮದಕ್ಕೆ ಪವರ್ ಸ್ಟೀರಿಂಗ್ ಇಲ್ಲ; ನಿಮ್ಮದಕ್ಕಿದ್ದರೆ ಆ ಎಣ್ಣೆಯನ್ನೂ ಸೇರಿಸಿ.

ಒಟ್ಟು 13,735. ನಾವು ಇಟ್ಟದ್ದು 4,000. ಎಂಜಿನ್ ಬೆಲೆಯ ಐದನೇ ಒಂದು ಪಾಲಿಗೂ ಹೆಚ್ಚು ಎಣ್ಣೆಗೇ ಬೇಕಿತ್ತು. ಅದನ್ನು ಮೊದಲೇ ಬದಿಗಿಟ್ಟು ಉಳಿದದ್ದರಲ್ಲಿ ಎಂಜಿನ್ ಚೌಕಾಸಿ ಮಾಡಿದ್ದರೆ, ಕೋಗಾರದ 18,500 ಉಳಿಯುತ್ತಿತ್ತು.

ಹೊಸ ಬಿಎಸ್-6 ಗಾಡಿಯವರಿಗೆ ಒಂದು ಮಾತು. ಡಿಇಎಫ್ ಟ್ಯಾಂಕ್ ಇರುವ ಗಾಡಿಗೆ ಹಾಕುವುದು 32.5% ಯೂರಿಯಾ ದ್ರಾವಣ. ಹಾಗಂತ ಮನೆಯ ಚೀಲದ ಯೂರಿಯಾ ಕಲಸಿ ಹಾಕುವ ವಿಡಿಯೋ ನೋಡಿ ಮಾಡಬೇಡಿ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇದೆ, ಕಲ್ಮಶವೂ ಇದೆ. ಸೈಲೆನ್ಸರಿನ ಕ್ಯಾಟಲಿಸ್ಟ್ ಹಾಳಾದರೆ ಉಳಿತಾಯದ ನೂರು ಪಟ್ಟು ಹೋಗುತ್ತದೆ. ಸಬ್ಸಿಡಿ ಗೊಬ್ಬರ ಅದಕ್ಕೆ ಬಳಸೋದು ಅಪರಾಧ ಕೂಡ.

ಕಾಗದ

ಎಂಜಿನ್ ನಂಬರ್ ಆರ್‌ಸಿಯಲ್ಲೂ ಇದೆ, ವಿಮೆ ಪಾಲಿಸಿಯಲ್ಲೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಕೆಎ-47 ಗಾಡಿಗಳಿಗೆ ಹೊನ್ನಾವರದ ಕಚೇರಿ. ಕೂರಿಸಿ ಆದ ಮೇಲಲ್ಲ, ಮೊದಲೇ ಹೋಗಿ ಕೇಳಿ. ಅದೇ ಕಂಪನಿ, ಅದೇ ಮಾದರಿಯ ಎಂಜಿನ್ ಆದರೆ ದಾರಿ ಸುಲಭ. ಜೀಪಿಗೆ ಇನ್ಯಾವುದೋ ಎಂಜಿನ್ ಕೂರಿಸಿದ ಯೂಟ್ಯೂಬ್ ಸಾಹಸ ನಮಗೆ ಬೇಡ. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರವನ್ನೂ ಮೊದಲೇ ತೆಗೆದುಕೊಳ್ಳಿ. ಗುಜರಿಯಿಂದ ಎಂಜಿನ್ ನಂಬರ್ ಬರೆದ ಬಿಲ್, ಅದು ಬಂದ ಗಾಡಿಯ ಆರ್‌ಸಿ ರದ್ದಾದ ಕಾಗದದ ಪ್ರತಿ ಬೇಕೇ ಬೇಕು. "ಬಿಲ್ ಬೇಡ ಅಂದ್ರೆ ಐದು ಸಾವಿರ ಕಮ್ಮಿ" ಅಂದರೆ ಎದ್ದು ಬನ್ನಿ, ಕದ್ದ ಎಂಜಿನ್ ಆಗಿರಬಹುದು. ಹಳೇ ಲೋಡ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಇದೆಯಲ್ಲ, ನಂಬರ್ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಹಳೇ ಎಣ್ಣೆ ಎಲ್ಲಿಗೆ?

ಇದನ್ನು ಸಾವಯವದವನಾಗಿ ಹೇಳಲೇಬೇಕು. ಎರಡು ಸಲ ಬದಲಿಸಿದರೆ ಎಂಜಿನ್ ಎಣ್ಣೆಯೇ 16 ಲೀಟರ್, ಗೇರ್ ಎಣ್ಣೆ ಬೇರೆ. ನಮ್ಮಲ್ಲಿ ಇದನ್ನು ಬೇಲಿ ಗೂಟಕ್ಕೆ ಬಳಿಯುವುದು, ಗೆದ್ದಲಿಗೆ ತೆಂಗಿನ ಬುಡಕ್ಕೆ ಹೊಯ್ಯುವುದು ಹಳೇ ಅಭ್ಯಾಸ. ಸುಟ್ಟ ಎಣ್ಣೆಯಲ್ಲಿ ಸೀಸದಂಥ ಲೋಹದ ಅಂಶ, ಕ್ಯಾನ್ಸರ್ ತರುವ ಮಸಿ ಎರಡೂ ಇರುತ್ತವೆ. ಮುಟ್ಟಳ್ಳಿಯಂಥ ಕಡೆ ಮಳೆ ಬಿದ್ದರೆ ತೋಟದ ಕಾಲುವೆಯಿಂದ ಬಾವಿಗೆ ದಾರಿ ದೂರವಿಲ್ಲ. ಹಳೇ ಡಬ್ಬಿಗಳಲ್ಲೇ ತುಂಬಿ, ಬಳಸಿದ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಕೂಲಂಟ್ ಬೆರೆಸಬೇಡಿ, ಬೆರೆಸಿದರೆ ಅವರೂ ತೆಗೆದುಕೊಳ್ಳುವುದಿಲ್ಲ.

ಕುಮಟಾದ ಹುಡುಗ ನಿನ್ನೆ ರಾತ್ರಿ ಮತ್ತೆ ಫೋಟೋ ಕಳಿಸಿದ್ದಾನೆ. ಈ ಸಲ ಎಂಜಿನ್ ಅಲ್ಲ, ಒಂದು ಸ್ಟೀಲ್ ಲೋಟ; ಬಿಳಿ ಲೋಟ ಮನೆಯಲ್ಲಿ ಸಿಗಲಿಲ್ಲವಂತೆ. ಗೇರ್ ಬಾಕ್ಸಿನಿಂದ ಮೊದಲು ಬಂದದ್ದು ನೀರೇ, ಮುಕ್ಕಾಲು ಲೋಟ. ಗುಜರಿಯವರ ಹತ್ತಿರ 58 ಸಾವಿರಕ್ಕೆ ಕೇಳಿದ್ದಾನೆ, ಅವರು ಇನ್ನೂ ಒಪ್ಪಿಲ್ಲ.