ಹೃದಯವನ್ನು ಕುಗ್ಗಿಸದ ಅರಿವಳಿಕೆ

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಗೆ ನೋವಿನ ಅರಿವು ಇರಕೂಡದು. ಆದರೆ ಅವನ ಹೃದಯವು ಎಂದಿನಂತೆ ದುಡಿಯುತ್ತಿರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಸುಲಭವಲ್ಲ. ಮಿದುಳನ್ನು ನಿದ್ರೆಗೆ ದೂಡುವ ಅನಿಲಗಳಲ್ಲಿ ಹೆಚ್ಚಿನವು ಹೃದಯವನ್ನೋ ರಕ್ತನಾಳಗಳನ್ನೋ ಮುಟ್ಟದೆ ಬಿಡುವುದಿಲ್ಲ. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಹೃದಯದ ಸಂಕೋಚನ ಶಕ್ತಿಯನ್ನು ತಗ್ಗಿಸುತ್ತಿದ್ದಿತು. ಅನಂತರ ಬಂದ ಐಸೊಫ್ಲುರೇನ್ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದ ಒತ್ತಡವನ್ನು ಇಳಿಸುತ್ತದೆ. ದೃಢಕಾಯರು ಇದನ್ನು ತಾಳಿಕೊಂಡಾರು. ಹೃದಯವು ಮೊದಲೇ ಬಳಲಿರುವ ವೃದ್ಧರಿಗೆ ಇದು ಗಂಡಾಂತರವಾಗಬಹುದು.

ಹೃದಯಕ್ಕೆ ಇಂತಹ ತೊಂದರೆಯನ್ನು ಅಷ್ಟಾಗಿ ಕೊಡದ ಅನಿಲವೊಂದು ನಾವು ಉಸಿರಾಡುವ ಗಾಳಿಯಲ್ಲಿಯೇ ಇದೆ. ಅದೇ ಕ್ಸೆನಾನ್. 1898ರಲ್ಲಿ ಲಂಡನ್ನಿನಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಗ್ರೀಕ್ ಮೂಲದ ಈ ಹೆಸರಿಗೆ ‘ಅಪರಿಚಿತ’ ಎಂದು ಅರ್ಥ. ಸುಮಾರು 1 ಕೋಟಿ 15 ಲಕ್ಷ ಪಾಲು ಗಾಳಿಯಲ್ಲಿ ಇದು ಒಂದೇ ಪಾಲು! ಇತರ ಧಾತುಗಳೊಡನೆ ಸುಲಭವಾಗಿ ಕೂಡದ ಈ ಜಡಾನಿಲವು ಮನುಷ್ಯನ ಎಚ್ಚರವನ್ನು ಕಳೆಯಬಲ್ಲದೆಂಬುದು ಅಚ್ಚರಿಯ ಸಂಗತಿ. 1951ರಲ್ಲಿ ಅಮೆರಿಕದ ಅಯೋವಾದಲ್ಲಿ ಕಲೆನ್ ಮತ್ತು ಗ್ರಾಸ್ ಎಂಬುವರು ಇದನ್ನು ಕೊಟ್ಟು ಶಸ್ತ್ರಚಿಕಿತ್ಸೆ ನಡೆಸಬಹುದೆಂದು ತೋರಿಸಿದರು.

ಇದು ಕೆಲಸ ಮಾಡುವ ಬಗೆ ಹೇಗೆ? ನರಕೋಶಗಳ ಮೇಲೆ ಎನ್‌ಎಮ್‌ಡಿಎ ಎಂಬ ಗ್ರಾಹಕಗಳಿವೆ. ಮಿದುಳನ್ನು ಚುರುಕುಗೊಳಿಸುವ ಸಂದೇಶಗಳು ಇವುಗಳ ಮೂಲಕವೂ ಸಾಗುತ್ತವೆ. ಕ್ಸೆನಾನ್ ಇವುಗಳಿಗೆ ತಡೆಯೊಡ್ಡುವುದೆಂದು 1998ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದರು. ಹೃದಯದ ಬಡಿತವಾದರೋ ಸ್ನಾಯುಕೋಶಗಳ ಒಳಹೊರಗೆ ಹರಿಯುವ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕಣಗಳನ್ನು ಅವಲಂಬಿಸಿದೆ. 2000ದಲ್ಲಿ ಗಿನಿಹಂದಿಯ ಹೃದಯಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗ, ಕ್ಸೆನಾನ್ ಈ ಹರಿವನ್ನಾಗಲಿ ಹೃದಯದ ಬಲವನ್ನಾಗಲಿ ಗಮನಾರ್ಹವಾಗಿ ಕದಲಿಸಲಿಲ್ಲ. ಮನುಷ್ಯರಲ್ಲಿಯೂ ರಕ್ತದ ಒತ್ತಡವು ಬಹುಮಟ್ಟಿಗೆ ಸ್ಥಿರವಾಗಿದ್ದು, ನಾಡಿಯು ತುಸು ನಿಧಾನವಾಗುವುದನ್ನು ವೈದ್ಯರು ಕಂಡಿದ್ದಾರೆ. ಇದು ರಕ್ತದಲ್ಲಿ ಬಲು ಕಡಿಮೆ ಕರಗುವುದರಿಂದ, ಕೊಡುವುದನ್ನು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರೋಗಿಯು ಎಚ್ಚರಗೊಳ್ಳುತ್ತಾನೆ.

ಹಾಗಾದರೆ ಕ್ಸೆನಾನ್ ಹೃದಯಕ್ಕೆ ರಕ್ಷಾಕವಚವೇ ಆದೀತೆ? ಇಲ್ಲಿ ನಾವು ಅವಸರಪಡಬಾರದು. ಹೃದಯದ ಕಿರೀಟ ಧಮನಿಗಳ ಶಸ್ತ್ರಚಿಕಿತ್ಸೆಗೆ ಒಳಗಾದ 492 ಮಂದಿಯ ಮೇಲೆ ಯೂರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೃದಯಸ್ನಾಯುವಿನ ಹಾನಿಯ ಮಟ್ಟಿಗೆ ಅದು ರೂಢಿಯಲ್ಲಿರುವ ಸೆವೊಫ್ಲುರೇನಿಗೆ ಕಡಿಮೆಯಲ್ಲವೆಂದು ಸಿದ್ಧವಾಯಿತು; ಅದಕ್ಕಿಂತ ಮೇಲೆಂದಲ್ಲ.

ತೊಡಕುಗಳೂ ಇವೆ. ಉಸಿರಿನ ಅನಿಲದಲ್ಲಿ ನೂರಕ್ಕೆ 60ರಷ್ಟೋ ಅದಕ್ಕೂ ಹೆಚ್ಚೋ ಕ್ಸೆನಾನೇ ಇರಬೇಕಾದುದರಿಂದ, ಅಧಿಕ ಆಮ್ಲಜನಕ ಬೇಕಾದ ರೋಗಿಗೆ ಇದು ಒಗ್ಗದು. ಚಿಕಿತ್ಸೆಯ ಬಳಿಕ ಕೆಲವರಿಗೆ ವಾಂತಿ ಕಾಡುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಬೆಲೆ. ಗಾಳಿಯನ್ನು ದ್ರವವಾಗಿಸಿ ಬೇರ್ಪಡಿಸುವ ದೊಡ್ಡ ಕಾರ್ಖಾನೆಗಳಲ್ಲಿ ಉಪೋತ್ಪನ್ನವಾಗಿ ದೊರೆಯುವ ಈ ಅನಿಲವನ್ನು ಪೋಲು ಮಾಡುವಂತಿಲ್ಲ. ರೋಗಿಯು ಹೊರಬಿಟ್ಟ ಉಸಿರನ್ನೇ ಶುದ್ಧಿಗೊಳಿಸಿ ಮರಳಿ ಕೊಡುವ ಮುಚ್ಚಿದ ಯಂತ್ರವ್ಯವಸ್ಥೆ ಬೇಕು. ಯೂರೋಪಿನ ಕೆಲವು ದೇಶಗಳೂ ರಷ್ಯವೂ ಇದಕ್ಕೆ ಅನುಮತಿಯನ್ನಿತ್ತಿದ್ದರೂ ಬಳಕೆಯು ವಿರಳವಾಗಿಯೇ ಉಳಿದಿರುವುದಕ್ಕೆ ಇದು ಮುಖ್ಯ ಕಾರಣ. ದುರ್ಬಲ ಹೃದಯದ ರೋಗಿಗೆ ಯಾವುದು ಹಿತವೋ ಅದು ಗಾಳಿಯಲ್ಲಿ ಎಲ್ಲೆಲ್ಲಿಯೂ ಇದೆ; ಅದನ್ನು ಅಗ್ಗವಾಗಿ ಅವನ ಬಳಿಗೆ ತರುವ ಕೆಲಸವಿನ್ನೂ ಉಳಿದಿದೆ.