ಕಾವು ಮತ್ತು ವೇಗ: ಆ್ಯಪ್ ರಚನೆಗೆ ತಕ್ಕ ಲ್ಯಾಪ್‌ಟಾಪ್

ಸೋಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಹಗಲು 40 ಡಿಗ್ರಿಯನ್ನು ದಾಟುವುದು ಹೊಸತೇನಲ್ಲ. ಮ್ಯಾಕ್‌ಬುಕ್‌ಗಳ ಬಳಕೆಗೆ ಆಪಲ್ ಸಂಸ್ಥೆ ಸೂಚಿಸಿರುವ ಪರಿಸರದ ಉಷ್ಣತೆಯಾದರೋ 10ರಿಂದ 35 ಡಿಗ್ರಿ. ಊರಿನ ಆಡುಮಾತಿನ ಪದಗಳನ್ನು ಮೊಬೈಲ್ ಆ್ಯಪ್ ಒಂದರಲ್ಲಿ ಕೂಡಿಸಿಡಬೇಕೆಂದು ಬಯಸುವ ಕನ್ನಡ ವಿದ್ಯಾರ್ಥಿ, ಮನೆಯವರು ಹೊಂದಿಸಿಕೊಟ್ಟ ಹಣದೊಡನೆ ಅಂಗಡಿಗೆ ಹೋಗುವ ಮುನ್ನ ಗಮನಿಸಬೇಕಾದ ವ್ಯತ್ಯಾಸವಿದು.

ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲಿ ಬರೆದ ಕೋಡ್ ಆ್ಯಪ್ ಆಗಿ ರೂಪುಗೊಳ್ಳುವ ಕ್ರಿಯೆಗೆ ‘ಬಿಲ್ಡ್’ ಎಂದು ಹೆಸರು. ಆಗ ಪ್ರೊಸೆಸರಿನ ಕೋರ್‌ಗಳೆಲ್ಲ ಏಕಕಾಲಕ್ಕೆ ದುಡಿಯುತ್ತವೆ. ವ್ಯಯವಾದ ವಿದ್ಯುತ್ತು ಕೊನೆಗೆ ಶಾಖವೇ ಆಗುತ್ತದೆ. ಹಲವು ಪ್ರೊಸೆಸರ್‌ಗಳು 100 ಡಿಗ್ರಿಯ ಸಮೀಪ ಬಂದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಕೋಣೆ 25 ಡಿಗ್ರಿಯಿದ್ದರೆ ಒಳ-ಹೊರಗಿನ ಅಂತರ 75. ಕೋಣೆ 42 ಆದಾಗ 58 ಮಾತ್ರ. ಶಾಖದ ಹರಿವು ಸ್ಥೂಲವಾಗಿ ಈ ಅಂತರವನ್ನೇ ಅವಲಂಬಿಸಿರುವುದರಿಂದ, ಅದೇ ಯಂತ್ರ ಬೇಸಗೆಯಲ್ಲಿ ಹೊರಚೆಲ್ಲಬಲ್ಲ ಶಾಖವು ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ. ಅಂಗಡಿಯ ಎಸಿಯಲ್ಲಿ ಕಂಡ ವೇಗ ಮನೆಯಲ್ಲಿ ಕಾಣದಿದ್ದರೆ, ಮಾರಿದವನು ಸುಳ್ಳಾಡಿದನೆಂದೇನೂ ಅಲ್ಲ.

2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ. ಅದೇ ಚಿಪ್ ಇರುವ ಮ್ಯಾಕ್‌ಬುಕ್ ಪ್ರೋದಲ್ಲಿ ಇದೆ. ಕಿರಿದಾದ ಬಿಲ್ಡ್‌ಗಳಲ್ಲಿ ಎರಡಕ್ಕೂ ಹೆಚ್ಚಿನ ಭೇದ ಕಾಣದು. ಬಹಳ ಹೊತ್ತಿನ ದುಡಿಮೆಯಲ್ಲಿ ಏರ್ ಹಿಂದೆ ಬೀಳುತ್ತದೆ. ಐಫೋನ್ ಆ್ಯಪ್‌ಗೆ ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ನಡೆಯುವುದರಿಂದ ಅಲ್ಲಿ ಆಯ್ಕೆಯೇ ಕಿರಿದು. ಆ್ಯಂಡ್ರಾಯ್ಡ್ ಒಂದೇ ಸಾಕೆನ್ನುವವರಿಗೆ ಫ್ಯಾನ್ ಇರುವ, ತುಸು ದಪ್ಪನೆಯ ವಿಂಡೋಸ್ ಯಂತ್ರವೇ ಲೇಸು. ತೆಳುವಾದದ್ದು ಕಣ್ಣಿಗೆ ಚೆಂದ, ಅಷ್ಟೇ.

ರ‍್ಯಾಮ್ 16 ಜಿಬಿ ಇರಲಿ. ಹಲವು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಹಣ ಸಾಲದೆ 8 ಜಿಬಿಗೇ ನಿಲ್ಲಬೇಕಾದವರು, ಲ್ಯಾಪ್‌ಟಾಪಿನೊಳಗೆ ಫೋನಿನ ಸೋಗು ಹಾಕುವ ಎಮ್ಯುಲೇಟರನ್ನು ಬಿಟ್ಟು, ತಮ್ಮ ಫೋನನ್ನೇ ಕೇಬಲ್ಲಿನಿಂದ ಜೋಡಿಸಿ ಆ್ಯಪ್ ಪರೀಕ್ಷಿಸಬಹುದು. ಕಾವೂ ತಗ್ಗುತ್ತದೆ, ರ‍್ಯಾಮೂ ಉಳಿಯುತ್ತದೆ, ಖರ್ಚಂತೂ ಇಲ್ಲ.

ಸೋಲಾಪುರದ ಚಾದರ್ ಚಳಿಗಾಲಕ್ಕೆ ಹೆಸರಾದದ್ದು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಅಡಿಭಾಗದ ಗಾಳಿಕಿಂಡಿಗಳು ಮುಚ್ಚಿ, ಒಳ್ಳೆಯ ಫ್ಯಾನ್ ಕೂಡ ನಿರುಪಯೋಗಿಯಾಗುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ದೊಡ್ಡ ಬಿಲ್ಡ್‌ಗಳನ್ನು ಬೆಳಗಿನ ತಂಪು ಹೊತ್ತಿಗೆ ಇರಿಸಿಕೊಳ್ಳುವುದು ಉಚಿತ.