ಫೋಟೊದ ಹಿಂದೆ ನಿಂತ ಊರು

ಹಳೆಯ ಫೋಟೊ ಕೈಗೆ ಸಿಕ್ಕರೆ ಮೊದಲು ತಿರುಗಿಸಿ ನೋಡಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಳೆಯ ಪ್ರತಿಯ ಬೆನ್ನಿಗೆ ಸ್ಟುಡಿಯೊದ ಸೀಲಿದ್ದು, ಅದರಲ್ಲಿ ಜಿಲ್ಲೆಯ ಹೆಸರೂ ಇದ್ದರೆ ಅದು ಶಿವಮೊಗ್ಗ. ಜಗಳೂರಿನದಾದರೆ ಚಿತ್ರದುರ್ಗ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಈ ಊರುಗಳ ಕಚೇರಿ ಕೆಲಸ ನಡೆಯುತ್ತಿದ್ದುದು ಬೇರೆ ಬೇರೆ ದಿಕ್ಕಿನಲ್ಲಿ. ನ್ಯಾಮತಿಯಂತೂ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಊರು.

ಸೀಲು ಹೇಳುವುದು ಅಷ್ಟೇ. ಉಳಿದದ್ದನ್ನು ಹೇಳಲು ಊರಿನ ಹಿರಿಯರೇ ಬೇಕು. ನಿವೃತ್ತ ಮೇಷ್ಟ್ರೋ, ಪೇಟೆಯಲ್ಲಿ ಐವತ್ತು ವರ್ಷ ಅಂಗಡಿ ನಡೆಸಿದ ಅಜ್ಜನೋ, ಸೂಲಗಿತ್ತಿಯಾಗಿದ್ದ ಅಜ್ಜಿಯೋ ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಪಡಸಾಲೆಯ ಗೋಡೆಯಿಂದ ಕಟ್ಟು ಹಾಕಿಸಿದ ಫೋಟೊ ಇಳಿಸಿ ಅವರ ಕೈಗಿಟ್ಟರೆ ಮದುಮಗನ ಮುಖಕ್ಕಿಂತ ಮೊದಲು ಅವರ ಕಣ್ಣು ಹೋಗುವುದು ಹಿಂದಿನ ಗೋಡೆಗೆ, ಬೇವಿನ ಮರಕ್ಕೆ, ಚೌಕಟ್ಟಿನ ಅಂಚಿನಲ್ಲಿ ಅರ್ಧ ಸಿಕ್ಕ ಮನುಷ್ಯನಿಗೆ.

ಇದಕ್ಕೆ ಕಾರಣವಿದೆ. ಆ ಕಾಲದ ಪೆಟ್ಟಿಗೆ ಕ್ಯಾಮೆರಾಕ್ಕೆ ಹಾಕುತ್ತಿದ್ದ 120 ರೋಲಿನಲ್ಲಿ ಚೌಕಾಕಾರದ ಚಿತ್ರ ಬರುತ್ತಿದ್ದುದು ಹನ್ನೆರಡು. ಹಾಗಾಗಿ ಫೋಟೊ ತೆಗೆಸುತ್ತಿದ್ದುದು ಮದುವೆಗೆ, ಶಾಲೆಯ ಗ್ರೂಪಿಗೆ, ಮಂತ್ರಿಗಳು ಬಂದಾಗ. ಸಂತೆಗಾಗಿ, ಕೆರೆಗಾಗಿ, ಬೀದಿಗಾಗಿ ರೋಲು ಖರ್ಚು ಮಾಡಿದವರು ಕಡಿಮೆ. ಊರು ಫೋಟೊದೊಳಗೆ ಬಂದದ್ದು ಜನರ ಬೆನ್ನ ಹಿಂದೆ, ತಾನಾಗಿ. ಚನ್ನಗಿರಿಯಲ್ಲಿ ಗುಡ್ಡದ ಮೇಲಿನ ಕೋಟೆ ಹಾಗೆ ಬಂದಿದೆ, ಹೊನ್ನಾಳಿಯಲ್ಲಿ ತುಂಗಭದ್ರೆಯ ದಡ. ಸೂಳೆಕೆರೆಯ ಏರಿಯ ಮೇಲೆ ನೆಂಟರನ್ನು ನಿಲ್ಲಿಸಿ ತೆಗೆಸಿದ ಚಿತ್ರದಲ್ಲಿ ಆ ವರ್ಷದ ನೀರಿನ ಮಟ್ಟವೂ ದಾಖಲಾಗಿರುತ್ತದೆ. ನೆಂಟರಿಗಿಂತ ಅದನ್ನು ನೋಡುವುದೇ ನನಗೆ ಹೆಚ್ಚು ಇಷ್ಟ.

ವರ್ಷ ಗೊತ್ತಿಲ್ಲದಿದ್ದರೆ ಹಿನ್ನೆಲೆಯೇ ಸುಳಿವು. ಶಾಲೆಯ ಬೋರ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಬಸ್ಸಿನ ನಂಬರು ಕೆಎ ಎಂದು ಶುರುವಾದರೆ 1989ರ ಈಚಿನದು. ರಾಜಕೀಯದ ಮುಖಗಳೂ ನೆರವಾಗುತ್ತವೆ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ದಾವಣಗೆರೆ ಜಿಲ್ಲೆಯಾದದ್ದು ಅವರೇ ಮುಖ್ಯಮಂತ್ರಿಯಾಗಿದ್ದಾಗ. 1957ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದ ಜೆ. ಮಹಮದ್ ಇಮಾಂ ಜಗಳೂರಿನವರು. ಅಂಥವರ ಪಕ್ಕ ಹಾರ ಹಿಡಿದು ನಿಂತ ಹುಡುಗ ಯಾರು? ಅದನ್ನು ಹೇಳಬಲ್ಲವರು ಊರಿನ ಅಜ್ಜಂದಿರು ಮಾತ್ರ: “ಇವ ನಮ್ ಕೇರಿ ಹುಡುಗ ಕಣಪ್ಪ, ಆಮೇಲೆ ಮಿಲ್ಲಿನ ಕೆಲ್ಸಕ್ಕೆ ದಾವಣಗೆರೆಗೆ ಹೋದ.”

ಇನ್ನೂ ಮುಖ್ಯವಾದದ್ದು ಫೋಟೊದಲ್ಲಿ ಇಲ್ಲದವರ ಮಾತು. ತೆಗೆಸುವ ಶಕ್ತಿ ಇದ್ದದ್ದು ಕೆಲವೇ ಮನೆಗಳಿಗೆ. ಕುರ್ಚಿಯಲ್ಲಿ ಕೂತ ಗೌಡರ ಹೆಸರು ಉಳಿಯಿತು. ಆ ಮದುವೆಗೆ ಚಪ್ಪರ ಹಾಕಿದವರದು, ಅಡುಗೆಯ ಹಂಡೆ ಹೊತ್ತವರದು, ವಾಲಗ ಊದಿದವರದು ಉಳಿಯಲಿಲ್ಲ. ಬರ ಬಿದ್ದಾಗ ಜಗಳೂರು ಸೀಮೆಯಿಂದ ಗುಳೆ ಹೋದ ಸಂಸಾರಗಳಿಗೆ ಸ್ಟುಡಿಯೊದ ಮೆಟ್ಟಿಲು ಹತ್ತುವ ಸಂದರ್ಭವೇ ಬರಲಿಲ್ಲ. ಅವರೆಲ್ಲ ಇರುವುದು ಹಿರಿಯರ ನೆನಪಿನಲ್ಲಿ. ಊರಿನ ಚರಿತ್ರೆ ಬರೆಯುವವರು ಶಾಸನಕ್ಕೆ ಕೊಡುವ ಬೆಲೆಯನ್ನು ಈ ನೆನಪಿಗೂ ಕೊಡಬೇಕು.

ನಿಮ್ಮ ಮನೆಯಲ್ಲಿ ಇಂಥ ಫೋಟೊಗಳಿದ್ದರೆ ಅಂಟಿನ ಆಲ್ಬಮ್ಮಿನಲ್ಲಿ ಇಡಬೇಡಿ, ಅಂಟು ಚಿತ್ರವನ್ನು ಹಳದಿಗಟ್ಟಿಸುತ್ತದೆ. ಈಗಾಗಲೇ ಅಂಟಿಕೊಂಡಿದ್ದರೆ ಎಳೆದು ಕೀಳದೆ ಪುಟದಲ್ಲಿದ್ದಂತೆಯೇ ಮೊಬೈಲಿನಲ್ಲಿ ಪ್ರತಿ ತೆಗೆಯಿರಿ. ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಬದಿಗೂ ಮೂಡುತ್ತದೆ. ಈ ಭಾನುವಾರವೇ ಮನೆಯ ಹಿರಿಯರ ಪಕ್ಕ ಕೂತು, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳುತ್ತ, ಎಡದಿಂದ ಬಲಕ್ಕೆ ಒಬ್ಬೊಬ್ಬರ ಬಗ್ಗೆಯೂ ಕೇಳಿ. ಕೂತವರ ಬಗ್ಗೆಯಷ್ಟೇ ಅಲ್ಲ, ಹಿಂದೆ ನಿಂತವರ ಬಗ್ಗೆಯೂ ಕೇಳಿ.